ಗಾಜಿನ ಅರಮನೆಗೆ ಬಟ್ಟೆಯ ಹೊದಿಕೆ

ಮಕ್ಕಳೇ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಗಾಜಿನ ಮನೆಯ ಬಗ್ಗೆ ನೀವು ಕೇಳಿರಬಹುದು. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಲಾಯಿತು. ಅದಕ್ಕೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್, ಅಂದರೆ ಸ್ಫಟಿಕದ ಅರಮನೆ. ಆ ಅರಮನೆಯನ್ನು ರೂಪಿಸಿದವರು ಒಬ್ಬ ತೋಟಗಾರ! ಅವರೇ ಜೋಸೆಫ್ ಪ್ಯಾಕ್ಸ್‌ಟನ್.

ಪ್ಯಾಕ್ಸ್‌ಟನ್ 1803ರಲ್ಲಿ ಇಂಗ್ಲೆಂಡಿನ ಒಂದು ರೈತ ಕುಟುಂಬದಲ್ಲಿ ಹುಟ್ಟಿದರು. 1826ರಲ್ಲಿ ಚಾಟ್ಸ್‌ವರ್ತ್ ಎಂಬಲ್ಲಿ ಡೆವನ್‌ಶೈರ್ ಡ್ಯೂಕ್ ಅವರ ಉದ್ಯಾನದ ಮುಖ್ಯ ತೋಟಗಾರರಾದರು. ಆಗ ಅವರಿಗೆ 23 ವರ್ಷವೂ ತುಂಬಿರಲಿಲ್ಲ. ಬಿಸಿ ನಾಡಿನ ಗಿಡಗಳನ್ನು ಚಳಿಯಿಂದ ಕಾಪಾಡಲು ಅವರು ಅಲ್ಲಿ ಗಾಜಿನ ಮನೆಗಳನ್ನು ಕಟ್ಟಿದರು. 1849ರಲ್ಲಿ ದಕ್ಷಿಣ ಅಮೆರಿಕದ ದೈತ್ಯ ನೈದಿಲೆ ಅವರ ಆರೈಕೆಯಲ್ಲಿ ಹೂ ಬಿಟ್ಟಿತು. ಅದರ ಎಲೆಯ ಮೇಲೆ ತಮ್ಮ ಪುಟ್ಟ ಮಗಳನ್ನು ನಿಲ್ಲಿಸಿದರು. ಎಲೆ ಮುಳುಗಲಿಲ್ಲ! ಎಲೆಯ ಅಡಿಯಲ್ಲಿದ್ದ ಗಟ್ಟಿ ನರಗಳ ಜಾಲವೇ ಅದಕ್ಕೆ ಕಾರಣ. ತೆಳುವಾದ ಗಾಜಿಗೂ ಇಂಥದೇ ಆಸರೆ ಕೊಡಬಹುದೆಂದು ಅವರು ಅರಿತರು.

1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಬೇಕಿತ್ತು. ಅದಕ್ಕಾಗಿ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನ ಕಟ್ಟಡದ ನಕ್ಷೆ ಸಿದ್ಧಪಡಿಸಿದರು. ಆದರೆ ಒಂದು ತೊಡಕು ಎದುರಾಯಿತು. ಸೂರ್ಯನ ಬೆಳಕು ಗಾಜಿನ ಮೂಲಕ ಸುಲಭವಾಗಿ ಒಳಗೆ ಬಂದು ನೆಲವನ್ನೂ ವಸ್ತುಗಳನ್ನೂ ಬಿಸಿ ಮಾಡುತ್ತದೆ. ಆದರೆ ಆ ಬಿಸಿ ಅಷ್ಟೇ ಸುಲಭವಾಗಿ ಹೊರಗೆ ಹೋಗದು. ಗಿಡಗಳಿಗೆ ಹಿತವಾದ ಈ ಗುಣ ಸಾವಿರಾರು ಜನ ಸೇರುವ ಕಡೆ ಕಷ್ಟ ತಾರದೇ?

ಪ್ಯಾಕ್ಸ್‌ಟನ್ ಉಪಾಯ ಸರಳವಾಗಿತ್ತು. ಚಾವಣಿಯ ಗಾಜಿನ ಹೊರಗಡೆ ಹತ್ತಿ ಬಟ್ಟೆ ಹೊದಿಸಿದರೆ ಬಿಸಿಲು ಗಾಜನ್ನು ಮುಟ್ಟುವ ಮೊದಲೇ ಬಹುಪಾಲು ತಡೆಯಲ್ಪಡುತ್ತದೆ. ಬಟ್ಟೆ ಮತ್ತು ಗಾಜಿನ ನಡುವೆ ಗಾಳಿ ಹರಿದು ಬಿಸಿಯನ್ನು ಒಯ್ಯುತ್ತದೆ. ಬೇಸಿಗೆಯಲ್ಲಿ ಬಟ್ಟೆಗೆ ನೀರು ಸುರಿಯಬಹುದೆಂದೂ ಅವರು ಯೋಚಿಸಿದ್ದರು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ನಿಮ್ಮ ಮನೆಯ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಗಾಳಿಯಾಡಲು ಗೋಡೆಗಳಲ್ಲಿ ತೆರೆದು ಮುಚ್ಚುವ ಪಟ್ಟಿಗಳಿದ್ದವು.

ಕೆಲವು ದಿನ ಒಳಗೆ ಸೆಕೆಯಾದದ್ದೂ ಉಂಟು. ಆದರೂ ಅಕ್ಟೋಬರ್‌ವರೆಗೆ ನಡೆದ ಪ್ರದರ್ಶನವನ್ನು ಸುಮಾರು 60 ಲಕ್ಷ ಮಂದಿ ನೋಡಿದರು. ಪ್ಯಾಕ್ಸ್‌ಟನ್‌ಗೆ ‘ಸರ್’ ಪದವಿ ದೊರೆಯಿತು. 1865ರಲ್ಲಿ ಅವರು ತೀರಿಕೊಂಡರು. ಬೇರೆಡೆಗೆ ಸಾಗಿಸಿ ಮತ್ತೆ ಕಟ್ಟಿದ್ದ ಸ್ಫಟಿಕದ ಅರಮನೆ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಅವರ ಉಪಾಯ ಮಾತ್ರ ಉಳಿದಿದೆ.

ನೀವೂ ಮಾಡಿ ನೋಡಿ: ಒಂದೇ ಅಳತೆಯ ಎರಡು ಗಾಜಿನ ಬಾಟಲಿಗಳಿಗೆ ಸಮನಾಗಿ ನೀರು ತುಂಬಿಸಿ. ಒಂದಕ್ಕೆ ಬಿಳಿ ಬಟ್ಟೆಯ ನೆರಳು ಮಾಡಿ. ಎರಡನ್ನೂ ಒಂದು ಗಂಟೆ ಬಿಸಿಲಿನಲ್ಲಿಡಿ. ಯಾವ ನೀರು ಹೆಚ್ಚು ಬಿಸಿಯಾಯಿತು? ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.