ಎಚ್.ವಿ. ನಂಜುಂಡಯ್ಯನವರ ಇನ್ನೊಂದು ಕೆಲಸ

ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು: ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಎಚ್.ವಿ. ನಂಜುಂಡಯ್ಯನವರ ಪರಿಚಯ ಇಷ್ಟರಲ್ಲೇ ಮುಗಿಯುತ್ತದೆ. ಅವರು ಕನ್ನಡ ನಾಡಿನ ಆರಂಭಕಾಲದ ಮಾನವಶಾಸ್ತ್ರಜ್ಞರಲ್ಲಿ ಒಬ್ಬರು ಎಂಬುದು ತರಗತಿಗೆ ಬರುವುದು ಅಪರೂಪ.

1860ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನಂಜುಂಡಯ್ಯನವರು ಕಾನೂನು ಓದಿ ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಚೀಫ್ ಕೋರ್ಟಿನ ನ್ಯಾಯಾಧೀಶರಾದರು. ಕಾನೂನು, ಅರ್ಥಶಾಸ್ತ್ರಗಳೆಂದರೆ ಇಂಗ್ಲಿಷೇ ಎಂಬ ಕಾಲದಲ್ಲಿ ಅವರು 'ವ್ಯವಹಾರ ದೀಪಿಕೆ', 'ಲೇಖ್ಯ ಬೋಧಿನಿ', 'ಅರ್ಥಶಾಸ್ತ್ರ' ಮುಂತಾದ ಪುಸ್ತಕಗಳನ್ನು ಕನ್ನಡದಲ್ಲೇ ಬರೆದರು. 1915ರಲ್ಲಿ ಬೆಂಗಳೂರಿನಲ್ಲಿ ಪರಿಷತ್ತು ಹುಟ್ಟಿತು, ಮರುವರ್ಷ ವಿಶ್ವವಿದ್ಯಾನಿಲಯ. ಎರಡರ ಮೊದಲ ಹೊಣೆಯೂ ಅವರದೇ.

ಇದರ ನಡುವೆಯೇ ಸಂಸ್ಥಾನದ ಜನಾಂಗ ಸಮೀಕ್ಷೆಯ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂತು. 1906ರಿಂದ ಕುರುಬ, ಬೇಡ, ಬೆಸ್ತ ಹೀಗೆ ಒಂದೊಂದು ಸಮುದಾಯದ ಮೇಲೆ ಒಂದೊಂದು ಕಿರುಹೊತ್ತಿಗೆ ಹೊರಬಂದವು. ಮೂಲದ ಕಥೆ, ಬೆಡಗುಗಳು, ಹುಟ್ಟು, ಮದುವೆ, ಸಾವಿನ ಆಚರಣೆ, ದೇವರು, ಕಸುಬು ಇವುಗಳಲ್ಲಿ ದಾಖಲಾದವು. 1920ರಲ್ಲಿ ಅವರು ತೀರಿಕೊಂಡಾಗ ಕೆಲಸ ಅರ್ಧಕ್ಕೆ ನಿಂತಿತ್ತು. ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಪೂರ್ಣಗೊಳಿಸಿದರು. 1928ರಿಂದ 1935ರೊಳಗೆ ಮೈಸೂರು ವಿಶ್ವವಿದ್ಯಾನಿಲಯವೇ ನಾಲ್ಕು ಸಂಪುಟಗಳನ್ನು ಪ್ರಕಟಿಸಿತು.

ಕಾನೂನನ್ನು ಕನ್ನಡಕ್ಕೆ ತಂದವರು ಜನರ ಬದುಕನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದರು. ಅದು ಸರ್ಕಾರದ ಸಮೀಕ್ಷೆ. ಯಾರ ಬಗ್ಗೆ ಬರೆಯಲಾಯಿತೋ ಅವರಲ್ಲಿ ಬಹುಪಾಲು ಜನ ಅದನ್ನು ಓದುವಂತಿರಲಿಲ್ಲ, ತಿದ್ದುವಂತೆಯೂ ಇರಲಿಲ್ಲ. ಸಂಪುಟಗಳ ಬೆಲೆ ದೊಡ್ಡದು. ಈ ಕೊರತೆಯೂ ಸಣ್ಣದಲ್ಲ.

ಪೀಣ್ಯದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಈ ಜೀವನ ನನಗೆ ಉಪಯೋಗಕ್ಕೆ ಬಂತು. ಅಲ್ಲಿ ರಾಯಚೂರು, ಕಲಬುರಗಿ, ಬಿಹಾರದಿಂದ ಬಂದ ಕಾರ್ಮಿಕರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನೋಡು, ಕೇಳು, ವಿಂಗಡಿಸು, ಬರೆ ಎಂಬ ವಿಜ್ಞಾನದ ಕ್ರಮವನ್ನು ಕಲಿಸಲು ಅವರ ಮನೆಗಿಂತ ಹತ್ತಿರದ ಪ್ರಯೋಗಶಾಲೆ ಯಾವುದಿದೆ? ನಂಜುಂಡಯ್ಯನವರ ಶೀರ್ಷಿಕೆಗಳಿಂದ ಅಡುಗೆ, ಹಬ್ಬ, ಕಸುಬು, ಉಪಕರಣಗಳನ್ನು ಉಳಿಸಿಕೊಂಡೆ. ಜಾತಿಯನ್ನು ಬಿಟ್ಟೆ, ತರಗತಿಯಲ್ಲಿ ಅದನ್ನು ಕೇಳಿದರೆ ಮಗು ಮುದುಡುತ್ತದೆ. ಬರೆಯುವವರೂ ಮಕ್ಕಳೇ, ಓದಿ ತಿದ್ದುವವರು ಅವರ ಮನೆಯವರೇ. ಹೇಳಲು ಇಷ್ಟವಿಲ್ಲದ ಅಂಕಣವನ್ನು ಖಾಲಿ ಬಿಡಬಹುದು. ಅದಕ್ಕೆ ಅಂಕ ಕಳೆಯುವುದಿಲ್ಲ ಎಂದು ಪಾಠಯೋಜನೆಯಲ್ಲೇ ಬರೆದಿದ್ದೇನೆ.