ಗೋಪಾಲಕೃಷ್ಣ ಅಡಿಗರು: 'ನಾವು' ಎಂಬುದರಿಂದ 'ನಾನು' ಎಂಬುದರೆಡೆಗೆ

ಕನ್ನಡದಲ್ಲಿ ಅಸ್ತಿತ್ವವಾದದ ಚರ್ಚೆ ಸಾಮಾನ್ಯವಾಗಿ ಸಾರ್ತ್ರ್ ಮತ್ತು ಕಾಮೂ ಅವರ ಪ್ರಭಾವವನ್ನು ಗುರುತಿಸುವುದರಲ್ಲಿಯೇ ಮುಗಿದುಬಿಡುತ್ತದೆ. ನವ್ಯ ಕಾವ್ಯದ ಪ್ರವರ್ತಕರಾದ ಎಂ. ಗೋಪಾಲಕೃಷ್ಣ ಅಡಿಗರ ಬದುಕನ್ನು ಗಮನಿಸಿದಾಗ, ವ್ಯಕ್ತಿಯ ಅಸ್ತಿತ್ವದ ಪ್ರಶ್ನೆ ಅವರಿಗೆ ಕೇವಲ ಓದಿನಿಂದ ಬಂದುದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಅಡಿಗರು ಜನಿಸಿದ್ದು 1918ರ ಫೆಬ್ರವರಿ 18ರಂದು, ಇಂದಿನ ಉಡುಪಿ ಜಿಲ್ಲೆಯ ಮೊಗೇರಿಯಲ್ಲಿ. ವೈದಿಕ ಆಚರಣೆ, ಪುರಾಣ, ಯಕ್ಷಗಾನಗಳ ಪರಿಸರದಲ್ಲಿ ಬೆಳೆದ ಅವರು ಉನ್ನತ ಶಿಕ್ಷಣಕ್ಕಾಗಿ ಮೈಸೂರಿಗೆ ಬಂದರು. ಮುಂದೆ ಇಂಗ್ಲಿಷ್ ಅಧ್ಯಾಪಕರಾದರು. ಹುಟ್ಟಿನಿಂದ ಬಂದ ಸಂಸ್ಕಾರ ಮತ್ತು ಆಧುನಿಕ ವಿದ್ಯೆ ನೀಡಿದ ಸಂಶಯ, ಇವೆರಡರ ನಡುವಣ ಬಿರುಕು ಅವರ ಕಾವ್ಯದ ಮೂಲದ್ರವ್ಯವಾಯಿತು.

'ಭಾವತರಂಗ' (1946) ನವೋದಯದ ನೆರಳಿನಲ್ಲಿ ಮೂಡಿದ ಸಂಕಲನ. 'ಕಟ್ಟುವೆವು ನಾವು' (1948) ಎಂಬ ಶೀರ್ಷಿಕೆಯಲ್ಲಿಯೇ ಸಮೂಹದ ದನಿಯಿದೆ; ಹೊಸ ನಾಡನ್ನು ಎಲ್ಲರೂ ಕೂಡಿ ಕಟ್ಟಬಲ್ಲೆವೆಂಬ ವಿಶ್ವಾಸವಿದೆ. ಸ್ವಾತಂತ್ರ್ಯಾನಂತರದ ಭ್ರಮನಿರಸನ ಈ ವಿಶ್ವಾಸವನ್ನು ಕದಡಿತು. 'ಚಂಡೆಮದ್ದಳೆ' (1954) ಮತ್ತು 'ಭೂಮಿಗೀತ' (1959) ಸಂಕಲನಗಳಲ್ಲಿ 'ನಾವು' ಹಿಂದೆ ಸರಿದು, ಭೂಮಿಯ ಮೇಲೆ ಒಂಟಿಯಾಗಿ ನಿಂತ 'ನಾನು' ಮುನ್ನೆಲೆಗೆ ಬರುತ್ತದೆ. ಈ ಪಲ್ಲಟಕ್ಕೆ ತಕ್ಕಂತೆ ಛಂದಸ್ಸೂ ಒಡೆದು, ಮಾತಿನ ಲಯ ಕಾವ್ಯದ ಲಯವಾಯಿತು.

ಮನುಷ್ಯನಿಗೆ ಪೂರ್ವನಿಶ್ಚಿತ ಸಾರವಿಲ್ಲ, ಅವನು ತನ್ನ ಆಯ್ಕೆಗಳಿಂದ ತನ್ನನ್ನು ರೂಪಿಸಿಕೊಳ್ಳುತ್ತಾನೆ ಎಂಬುದು ಸಾರ್ತ್ರ್ ಅವರ ನಿಲುವು. ಅಡಿಗರ ನಿಲುವು ಇದಕ್ಕೆ ಸಮೀಪವಾದರೂ ಭಿನ್ನವಾದುದು. 'ಭೂತ' ಕವಿತೆಯಲ್ಲಿ ಗತಕಾಲವು ವ್ಯಕ್ತಿಯನ್ನು ಕಾಡುವ ಪಿಶಾಚಿಯೂ ಹೌದು, ಅಗೆದರೆ ದೊರೆಯುವ ಚಿನ್ನದ ಅದಿರೂ ಹೌದು. ಅದಿರನ್ನು ಸುಟ್ಟು, ಸೋಸಿ, ವಿಗ್ರಹಕ್ಕೆ ಒಗ್ಗಿಸುವ ಶ್ರಮ ಮಾತ್ರ ಪ್ರತಿಯೊಬ್ಬನದೂ ಆಗಿದೆ. 'ಶ್ರೀರಾಮನವಮಿಯ ದಿವಸ' ಕವಿತೆಯೂ ವಾಲ್ಮೀಕಿಯ ಹುತ್ತವನ್ನು ನೆನೆದು, ಅಂತಹ ಏಕಾಂತ ತಪಸ್ಸಿಲ್ಲದೆ ಪುರುಷೋತ್ತಮನ ರೂಪ ಮನಸ್ಸಿನಲ್ಲಿ ಮೂಡೀತೇ ಎಂದು ಶಂಕಿಸುತ್ತದೆ. 'ಪ್ರಾರ್ಥನೆ'ಯಲ್ಲಿ ದೇವರ ಮುಂದೆಯೂ ಭಟ್ಟಂಗಿತನವನ್ನು ನಿರಾಕರಿಸುವ ವ್ಯಕ್ತಿ ಕಾಣಿಸಿಕೊಳ್ಳುತ್ತಾನೆ. ಪರಂಪರೆಯನ್ನು ತೊರೆದು ಶೂನ್ಯದಲ್ಲಿ ನಿಲ್ಲುವ ಸ್ವಾತಂತ್ರ್ಯ ಅಡಿಗರಿಗೆ ಬೇಕಿರಲಿಲ್ಲ. ಪರಂಪರೆಯನ್ನು ತಾನೇ ಅಗೆದು ಪರೀಕ್ಷಿಸುವ ಹೊಣೆ ಬೇಕಿತ್ತು.

ಈ ಹೊಣೆ ಕಾವ್ಯಕ್ಕೆ ಸೀಮಿತವಾಗಲಿಲ್ಲ. ಮೈಸೂರಿನಲ್ಲಿ ಅಧ್ಯಾಪನ ನಡೆಸಿದ ಅವರು ಬಳಿಕ ಸಾಗರ ಮತ್ತು ಉಡುಪಿಯ ಕಾಲೇಜುಗಳಲ್ಲಿ ಪ್ರಾಂಶುಪಾಲರಾದರು. 'ಸಾಕ್ಷಿ' ಪತ್ರಿಕೆಯ ಮೂಲಕ ಹೊಸ ತಲೆಮಾರಿನ ಬರಹಗಾರರಿಗೆ ವೇದಿಕೆ ಒದಗಿಸಿದರು. ನೆಹರೂ ಯುಗದ ವ್ಯಕ್ತಿಪೂಜೆಯನ್ನು ಕವಿತೆಯಲ್ಲಿ ವಿಡಂಬಿಸಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಅಭ್ಯರ್ಥಿಯಾಗಿ ಸ್ಪರ್ಧಿಸಿ ಸೋತರು. ಅವರನ್ನು ಗುರುಸಮಾನರೆಂದು ಭಾವಿಸಿದ್ದ ಸಮಾಜವಾದಿ ಒಲವಿನ ಕಿರಿಯ ಲೇಖಕರಿಗೆ ಈ ಆಯ್ಕೆ ಒಪ್ಪಿತವಾಗಲಿಲ್ಲ. ಗುಂಪಿಗೆ ಒಳಪಡದ ವ್ಯಕ್ತಿತ್ವವನ್ನು ಎತ್ತಿಹಿಡಿದ ಕವಿ ಒಂದು ಪಕ್ಷದ ಪರವಾಗಿ ನಿಂತುದು ವೈರುಧ್ಯವೇ ಎಂಬ ಪ್ರಶ್ನೆ ಸಹಜ. ಆಯ್ಕೆಯ ಸ್ವಾತಂತ್ರ್ಯವು ಅದರ ಫಲವನ್ನು ಅನುಭವಿಸುವ ಬಾಧ್ಯತೆಯನ್ನೂ ಒಳಗೊಂಡಿರುತ್ತದೆ ಎಂಬುದನ್ನಂತೂ ಈ ಪ್ರಸಂಗ ತೋರಿಸುತ್ತದೆ.

'ವರ್ಧಮಾನ' (1972) ಕೃತಿಗೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮಹಾವೀರನ ಹೆಸರೂ ಆದ ಈ ಪದಕ್ಕೆ ಬೆಳೆಯುತ್ತಿರುವವನು ಎಂಬ ಅರ್ಥವಿದೆ. ವ್ಯಕ್ತಿಯನ್ನು ಸಿದ್ಧವಸ್ತುವಾಗಿ ನೋಡದೆ ಆಗುತ್ತಿರುವ ಪ್ರಕ್ರಿಯೆಯಾಗಿ ಕಂಡ ಅಡಿಗರ ದೃಷ್ಟಿಗೆ ಈ ಶೀರ್ಷಿಕೆ ಒಪ್ಪುವಂತಿದೆ. ಅವರು 1992ರ ನವೆಂಬರ್ 14ರಂದು ನಿಧನರಾದರು. ಕನ್ನಡ ನವ್ಯವನ್ನು ಪಾಶ್ಚಾತ್ಯ ತತ್ತ್ವದ ಅನುಕರಣೆಯೆಂದು ಸುಲಭವಾಗಿ ತೀರ್ಮಾನಿಸುವ ವಿಮರ್ಶೆ ಅಡಿಗರ ಈ ಅಗೆತವನ್ನು, ಅದಕ್ಕಾಗಿ ಅವರು ತೆತ್ತ ಬೆಲೆಯನ್ನು ಮರುಪರಿಶೀಲಿಸಬೇಕಾಗಿದೆ.