ಅಂಗಡಿ ಲೆಕ್ಕದಿಂದ ದಂಡಿನ ಲೆಕ್ಕಕ್ಕೆ: ದಿವಾನ್ ಪೂರ್ಣಯ್ಯ

ಚಳ್ಳಕೆರೆಯಿಂದ ನಾಯಕನಹಟ್ಟಿ ಬಸ್ಸು ಹತ್ತಿದವರಿಗೆ ಕುದಾಪುರದ ಉದ್ದನೆ ಗೋಡೆ ಹೊಸದಲ್ಲ. ಅದರೊಳಗಿರುವುದು ಅಮೃತಮಹಲ್ ಕಾವಲಿನ ನೆಲ. ದನ ಮೇಯುವ ಈ ಹುಲ್ಲಿಗೂ ಯುದ್ಧಕ್ಕೂ ಏನಪ್ಪಾ ಸಂಬಂಧ ಅಂತೀರಾ? ಹಾಗಾದರೆ ದಿವಾನ್ ಪೂರ್ಣಯ್ಯನವರ ಕಥೆ ಕೇಳಬೇಕು.

ಹುಟ್ಟಿದ್ದು 1746ರಲ್ಲಿ, ಬಡವರ ಮನೆಯಲ್ಲಿ. ತಂದೆ ಬೇಗ ತೀರಿಕೊಂಡರು. ಹೊಟ್ಟೆಪಾಡಿಗೆ ಹುಡುಗ ಒಬ್ಬ ಸೆಟ್ಟರ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತ. ಆ ಲೆಕ್ಕದ ಕೈಯೇ ಅವರನ್ನು ಹೈದರಾಲಿಯ ಖಜಾನೆಗೆ ಕರೆತಂತು. 1782ರಲ್ಲಿ ದಂಡಿನ ನಡುವೆಯೇ ಹೈದರ್ ಸತ್ತಾಗ, ಟಿಪ್ಪು ಬರುವವರೆಗೂ ಸುದ್ದಿ ಹೊರಬೀಳದಂತೆ ನೋಡಿಕೊಂಡವರಲ್ಲಿ ಪೂರ್ಣಯ್ಯನವರೂ ಒಬ್ಬರು.

1799ರಲ್ಲಿ ಟಿಪ್ಪು ಬಿದ್ದ. ಗದ್ದುಗೆಯ ಮೇಲೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಐದರ ಮಗು. ಭಾರವೆಲ್ಲ ದಿವಾನರ ತಲೆ ಮೇಲೆ. ಕಡಲಾಚೆಯ ಕಂಪನಿಯ ಪಡೆ ಶ್ರೀರಂಗಪಟ್ಟಣದಲ್ಲೂ ಚಿತ್ರದುರ್ಗದಲ್ಲೂ ಬೀಡುಬಿಟ್ಟಿತು. ಅದರ ಖರ್ಚಿಗೆ ಮೈಸೂರು ಕಟ್ಟಬೇಕಾದ್ದು ವರ್ಷಕ್ಕೆ 7 ಲಕ್ಷ ವರಹ! ಕೊಟ್ಟವನು ಯಾರು? ನಮ್ಮ ರೈತನೇ.

ತುಪಾಕಿಯೊಂದರಿಂದಲೇ ದಂಡು ನಡೆಯುವುದಿಲ್ಲ. ಸಿಪಾಯಿಗೆ ಅಕ್ಕಿ ಬೇಕು, ಕುದುರೆಗೆ ಹುರುಳಿ ಬೇಕು, ಫಿರಂಗಿ ಎಳೆಯೋಕೆ ಎತ್ತು ಬೇಕು. ಇಷ್ಟನ್ನೂ ಹೊತ್ತಿಗೆ ಸರಿಯಾಗಿ ಒದಗಿಸುವುದರಲ್ಲಿ ಪೂರ್ಣಯ್ಯ ಪಳಗಿದ ಕೈ. 1800ರಲ್ಲಿ ಧೋಂಡಿಯಾ ವಾಘ್‌ನನ್ನು ಅಟ್ಟಿಸಿಕೊಂಡು ಹೋದ ವೆಲ್ಲೆಸ್ಲಿಗೂ, 1803ರ ಮರಾಠಾ ಯುದ್ಧಕ್ಕೂ ಮೈಸೂರಿನ ಧಾನ್ಯ, ಎತ್ತು, ಸಿಲ್ಲೇದಾರರು ಹೋದರು. ಸಿಲ್ಲೇದಾರ ಅಂದರೆ ಸ್ವಂತ ಕುದುರೆ ತಂದು ಸಂಬಳಕ್ಕೆ ನಿಲ್ಲುವ ಸವಾರ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ದೊರೆ ಇದೇ ವೆಲ್ಲೆಸ್ಲಿ. 1807ರಲ್ಲಿ ಮೈಸೂರು ಸಾಕಬೇಕಾದ ಸವಾರರ ಸಂಖ್ಯೆ 4,000 ಎಂದು ಗೊತ್ತಾಯಿತು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದುರ್ಗವೇ ಕಂಡಿತು. ಡೇರೆ, ಎತ್ತಿನ ಬಾಬ್ತು ಅಧಿಕಾರಿಗಳಿಗೆ ಸಿಗುತ್ತಿದ್ದ ಭತ್ಯವನ್ನು ಮದರಾಸು ಸರ್ಕಾರ ನಿಲ್ಲಿಸಿತು. ಬಿಳಿಯ ಅಧಿಕಾರಿಗಳೇ ತಿರುಗಿಬಿದ್ದರು. 1809ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಎರಡು ಪಟಾಲಮು ಶ್ರೀರಂಗಪಟ್ಟಣದತ್ತ ಹೊರಟಿತು. ದಾರಿಗೆ ಅಡ್ಡ ನಿಂತವರಲ್ಲಿ ಪೂರ್ಣಯ್ಯನವರ ಸಿಲ್ಲೇದಾರರೂ ಇದ್ದರು. ಅಧಿಕಾರಿಗಳ ಜಗಳದಲ್ಲಿ ಪ್ರಾಣ ಬಿಟ್ಟವರು ಬಡ ಸಿಪಾಯಿಗಳು.

ಆದರೆ ದಿವಾನರ ಕಾಲದಲ್ಲೇ ಒಂದು ಬಾಬ್ತು ಸೊರಗಿತು. ಅದು ಎತ್ತಿನದು. ಚಿಕ್ಕದೇವರಾಜರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಅಮೃತಮಹಲ್ ಆಗಿತ್ತು. ಅಮಲ್ದಾರರ ಕೈಯಲ್ಲಿ ತಳಿ ಕೆಟ್ಟಿತು. 1811ರಲ್ಲಿ ಅಧಿಕಾರ ಬಿಟ್ಟ ಪೂರ್ಣಯ್ಯ 1812ರ ಮಾರ್ಚ್‌ನಲ್ಲಿ ತೀರಿಕೊಂಡರು. ಮರುವರ್ಷವೇ ಕಂಪನಿ ಮಂದೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಕಾಗದದ ಲೆಕ್ಕ ಎಷ್ಟು ಚೊಕ್ಕಟವಿದ್ದರೇನು, ಹಟ್ಟಿಯಲ್ಲಿ ದನ ನೋಡುವವನಿಲ್ಲದಿದ್ದರೆ?

ಮೊಳಕಾಲ್ಮೂರು, ಚಳ್ಳಕೆರೆಯ ಮ್ಯಾಸನಾಯಕರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದೇವರ ಎತ್ತುಗಳನ್ನು ಕಾಯುತ್ತಾ ಬಂದ ಜನ ಅವರು. ದಂಡಿನ ಎತ್ತಿಗೆ ಮೀಸಲಾಗಿದ್ದ ಕಾವಲಿನಲ್ಲಿ 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಎತ್ತಿನ ಜಾಗಕ್ಕೆ ಪೈಲಟ್ ಇಲ್ಲದ ವಿಮಾನ! ಕುರಿ, ದನ ಗೋಡೆಯ ಹೊರಗೆ. ದೇಶಕ್ಕೆ ರಕ್ಷಣೆ ಬೇಕು, ಸರಿ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಕುರಿಗಾಹಿಗೂ ಒಂದು ಸಾಲು ಇರಬೇಡವೇ?